ಗ್ರೀಕ್ ಅವಶೇಷಗಳ ನಡುವೆ ಬದುಕು ಕಳೆದ ವಾಸ್ತುಶಿಲ್ಪಿಗಳು: ಮಗಳ ಪರವಾಗಿ ಒಂದು ಪ್ರಶ್ನೆ

ಪ್ರಶ್ನೆ: ಕೊಪ್ಪಳದ ಶಿಕ್ಷಕ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರಗಳು. ನಾನು ಕೊಪ್ಪಳ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಮಗಳು ಬಳ್ಳಾರಿಯಲ್ಲಿ ಆರ್ಕಿಟೆಕ್ಚರ್ ಪದವಿಯ ಮೂರನೆಯ ವರ್ಷದಲ್ಲಿದ್ದಾಳೆ. ದಸರೆಯ ರಜೆಗೆ ಊರಿಗೆ ಬಂದವಳು, ನಮ್ಮ ಹೊಲದ ದಾರಿಯಲ್ಲಿ ಪಾಳುಬಿದ್ದಿರುವ ಒಂದು ಕಲ್ಲುಮಂಟಪವನ್ನು ಟೇಪು, ತೂಗುಗುಂಡು, ಒಂದು ರಟ್ಟಿನ ಹಲಗೆ ಹಿಡಿದುಕೊಂಡು ನಾಲ್ಕು ದಿನ ಅಳೆದಳು. ಮೂರನೆಯ ದಿನ ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ನನ್ನನ್ನು ಒಂದು ಕಂಬದ ಬುಡದಲ್ಲಿ ಕೂರಿಸಿ, ಪೀಠದ ಮಣ್ಣನ್ನು ಕೈಯಿಂದ ಒರೆಸಿ ತೋರಿಸಿದಳು. ಪೀಠದ ಮೇಲೆ ಕಂಬ ನಿಲ್ಲಿಸಲೆಂದು ಉಳಿಯಿಂದ ನಯಗೊಳಿಸಿದ ಚೌಕ 41 ಸೆಂಟಿಮೀಟರ್ ಇತ್ತು. ಅದರ ಮೇಲೆ ನಿಂತಿದ್ದ ಕಂಬದ ಬುಡ 33 ಸೆಂಟಿಮೀಟರ್ ಮಾತ್ರ. "ಅಪ್ಪಾ, ಈ ಕಂಬ ಈ ಪೀಠದ್ದಲ್ಲ, ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದಾರೆ" ಎಂದಳು. ನಾನು ಐವತ್ತು ವರ್ಷಗಳಿಂದ ಆ ಮಂಟಪದ ನೆರಳಿನಲ್ಲಿ ಕೂತೆದ್ದವನು. ಅದು ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ.

ಅವಳ ಆಸೆ ಈಗ ಪ್ರಾಚೀನ ಗ್ರೀಸಿನ ಕಟ್ಟಡಗಳ ಕಡೆಗೆ ತಿರುಗಿದೆ. ತರಗತಿಯಲ್ಲಿ ಅಥೆನ್ಸಿನ ಪಾರ್ಥೆನಾನ್ ಗುಡಿಯ ಪಾಠವಾದ ಮೇಲೆ, ಉತ್ಖನನದ ಜಾಗದಲ್ಲಿ ವಾಸ್ತುಶಿಲ್ಪಿಯಾಗಿ ಕೆಲಸ ಮಾಡಬೇಕೆನ್ನುತ್ತಾಳೆ. ಬೇಸಿಗೆಯಲ್ಲಿ ಅವಳು ತರಬೇತಿಗೆ ಹೋಗಿದ್ದ ಕಚೇರಿಯಲ್ಲಿ, ಹಳೆಯ ಕಲ್ಲು ಅಳೆಯುವುದು ಹೊಟ್ಟೆ ತುಂಬಿಸುವ ಕೆಲಸವಲ್ಲ ಎಂದರಂತೆ. ನನಗೆ ಅವಳನ್ನು ತಡೆಯುವ ಮನಸ್ಸಿಲ್ಲ. ಆದರೆ ದಾರಿ ಹೇಗಿದೆಯೆಂದು ತಿಳಿಯದೆ ಕಳುಹಿಸುವ ಧೈರ್ಯವೂ ಇಲ್ಲ. ವಾಸ್ತುಶಿಲ್ಪಿಯಾಗಿ ಓದಿ ಗ್ರೀಕ್ ಪುರಾತತ್ವದಲ್ಲಿಯೇ ಬದುಕು ಕಟ್ಟಿಕೊಂಡವರು ಯಾರು? ಮಣ್ಣು ಅಗೆಯುವವರು, ಶಾಸನ ಓದುವವರು ಇರುವಾಗ ಅಲ್ಲಿ ವಾಸ್ತುಶಿಲ್ಪಿಯ ಕೆಲಸವಾದರೂ ಏನು? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ರಾಯಚೂರಿನ ನಿವೃತ್ತ ಗ್ರಂಥಪಾಲಕ

ಗುರುಗಳೇ, ತಮ್ಮ ಮಗಳು ಕಂಬದ ಬುಡದಲ್ಲಿ ಕಂಡದ್ದೇ ತಮ್ಮ ಕೊನೆಯ ಪ್ರಶ್ನೆಗೆ ಉತ್ತರವಾಗಿದೆ. ಮಡಕೆಯ ಚೂರಿನಿಂದ ಕಾಲವನ್ನು ಹೇಳುವವರು ಬೇರೆ, ಅಕ್ಷರದಿಂದ ಅರಸನ ಹೆಸರನ್ನು ಹೇಳುವವರು ಬೇರೆ. ಬರಿಯ ಬುನಾದಿ ಮತ್ತು ಚದುರಿಬಿದ್ದ ಕಲ್ಲುಗಳನ್ನು ನೋಡಿ, ಮೇಲೆ ಏನು ನಿಂತಿತ್ತು, ಅದನ್ನು ಎಷ್ಟು ಸಲ ಕೆಡವಿ ಕಟ್ಟಿದರು ಎಂದು ಹೇಳಬಲ್ಲವನು ಕಟ್ಟುವ ವಿದ್ಯೆ ಬಲ್ಲವನೇ. ಈ ವಿದ್ಯೆಯನ್ನು ಪುರಾತತ್ವದೊಳಗೆ ಗಟ್ಟಿಯಾಗಿ ನೆಲೆಗೊಳಿಸಿದವರಲ್ಲಿ ಮೊದಲಿಗೆ ನೆನೆಯಬೇಕಾದ ಹೆಸರು ವಿಲ್ಹೆಲ್ಮ್ ಡೋರ್ಪ್‌ಫೆಲ್ಡ್ ಅವರದು.

ಅವರು ಹುಟ್ಟಿದ್ದು 1853ರ ಡಿಸೆಂಬರಿನಲ್ಲಿ, ಜರ್ಮನಿಯ ಬಾರ್ಮೆನ್ ಎಂಬ ಪಟ್ಟಣದಲ್ಲಿ. ಬರ್ಲಿನ್ನಿನಲ್ಲಿ ಕಟ್ಟಡ ವಿದ್ಯೆ ಕಲಿತರು. ಅಲ್ಲಿ ಅವರಿಗೆ ಕಲಿಸಿದ ಫ್ರೀಡ್ರಿಕ್ ಆಡ್ಲರ್ ಅವರು ಗ್ರೀಸಿನ ಒಲಿಂಪಿಯಾದಲ್ಲಿ ನಡೆಯುತ್ತಿದ್ದ ಜರ್ಮನ್ ಉತ್ಖನನದ ಮುಂದಾಳುಗಳಲ್ಲೊಬ್ಬರು. ಆ ನಂಟಿನಿಂದ 1877ರಲ್ಲಿ, ಇನ್ನೂ ಇಪ್ಪತ್ತಮೂರರ ಹರೆಯದಲ್ಲಿ, ಡೋರ್ಪ್‌ಫೆಲ್ಡ್ ಒಲಿಂಪಿಯಾಕ್ಕೆ ಹೋದರು. ಮುಂದೆ ಆಡ್ಲರ್ ಅವರ ಮಗಳನ್ನೇ ಮದುವೆಯಾದರು.

ಒಲಿಂಪಿಯಾದಲ್ಲಿ ಹೇರಾ ದೇವಿಯ ಗುಡಿಯೊಂದಿದೆ, ಕ್ರಿ.ಪೂ. 600ರ ಸುಮಾರಿನದು. ಅದರ ಸುತ್ತ ಅಗಲಕ್ಕೆ 6, ಉದ್ದಕ್ಕೆ 16 ಕಂಬಗಳಿದ್ದವು. ಆದರೆ ಕಂಬಗಳ ದಪ್ಪ ಒಂದರಂತೆ ಒಂದಿಲ್ಲ, ಕಂಬದ ತಲೆಯ ಮೇಲಿನ ಬೋದಿಗೆಗಳಂತೂ ಬೇರೆ ಬೇರೆ ಕಾಲದ ರೂಪದವು. ಒಂದೇ ಗುಡಿಗೆ ಹೀಗೇಕೆ? ಕ್ರಿ.ಶ. ಎರಡನೆಯ ಶತಮಾನದಲ್ಲಿ ಆ ಗುಡಿಯನ್ನು ನೋಡಿದ ಪೌಸಾನಿಯಾಸ್ ಎಂಬ ಯಾತ್ರಿಕ, ಹಿಂಭಾಗದ ಅಂಕಣದಲ್ಲಿ ಒಂದು ಕಂಬ ಓಕ್ ಮರದ್ದಾಗಿದೆ ಎಂದು ಬರೆದಿಟ್ಟಿದ್ದಾನೆ. ಡೋರ್ಪ್‌ಫೆಲ್ಡ್ ಈ ಎರಡನ್ನೂ ಜೋಡಿಸಿದರು: ಗುಡಿಯ ಕಂಬಗಳೆಲ್ಲ ಮೊದಲು ಮರದವು, ಒಂದೊಂದು ಶಿಥಿಲವಾದಂತೆ ಆಯಾ ಕಾಲದ ರೀತಿಯ ಕಲ್ಲುಕಂಬವನ್ನು ಅದರ ಜಾಗದಲ್ಲಿ ನಿಲ್ಲಿಸುತ್ತ ಹೋದರು, ಪೌಸಾನಿಯಾಸ್ ಕಂಡದ್ದು ಉಳಿದಿದ್ದ ಕೊನೆಯ ಮರದ ಕಂಬ. ಪುಸ್ತಕದ ಒಂದು ಸಾಲನ್ನೂ ಬೋದಿಗೆಯ ಅಳತೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡುವ ಈ ಬಗೆ ನನಗೆ ಬಹಳ ಪ್ರಿಯವಾದದ್ದು.

1882ರಲ್ಲಿ ಹೈನ್ರಿಕ್ ಶ್ಲೀಮನ್ ಎಂಬವರು ಡೋರ್ಪ್‌ಫೆಲ್ಡ್ ಅವರನ್ನು, ಪ್ರಾಚೀನ ಗ್ರೀಕ್ ಕವಿ ಹೋಮರ ಹಾಡಿದ ಯುದ್ಧದ ಊರಾದ ಟ್ರಾಯ್‌ಗೆ ಕರೆದುಕೊಂಡರು. ಶ್ಲೀಮನ್ ಶ್ರೀಮಂತ ವ್ಯಾಪಾರಿ, ಹೋಮರನ ಕಾವ್ಯವನ್ನು ಮನಸಾರೆ ನಂಬಿದವರು. ಆದರೆ 1870ರ ದಶಕದಲ್ಲಿ ಅಲ್ಲಿಯ ಹಿಸಾರ್ಲಿಕ್ ದಿಬ್ಬವನ್ನು ಅಡ್ಡಲಾಗಿ ಸೀಳಿ ದೊಡ್ಡ ಕಂದಕ ತೋಡಿಸಿದಾಗ, ಮೇಲಿನ ಎಷ್ಟೋ ಗೋಡೆಗಳು ಅರ್ಥವಾಗುವ ಮೊದಲೇ ಕಿತ್ತುಹೋಗಿದ್ದವು. ಗೋಡೆಯೊಂದು ಯಾವ ನೆಲದ ಮೇಲೆ ನಿಂತಿದೆ, ಯಾವ ಗೋಡೆ ಯಾವುದರ ಮೇಲೇರಿ ಕೂತಿದೆ, ಎರಡರ ನಡುವೆ ಸುಟ್ಟ ಬೂದಿಯಿದೆಯೇ ಎಂದು ಪದರ ಪದರವಾಗಿ ಬಿಡಿಸಿ ನಕ್ಷೆಗಿಳಿಸುವ ಶಿಸ್ತು ಅಲ್ಲಿಗೆ ಬಂದದ್ದು ಡೋರ್ಪ್‌ಫೆಲ್ಡ್ ಅವರಿಂದ. 1884-85ರಲ್ಲಿ ಟಿರಿನ್ಸ್ ಕೋಟೆಯ ಅರಮನೆಯ ತಳವಿನ್ಯಾಸವನ್ನು ಬಿಡಿಸಿದವರೂ ಅವರೇ: ನಡುವೆ ದುಂಡನೆಯ ಒಲೆ, ಅದರ ಸುತ್ತ ನಾಲ್ಕು ಕಂಬ, ಮುಂದೆ ಮೊಗಸಾಲೆ. ನಮ್ಮ ತೊಟ್ಟಿಮನೆಯ ನಾಲ್ಕು ಕಂಬಗಳನ್ನು ನೋಡಿ ಬೆಳೆದವರಿಗೆ ಆ ನಕ್ಷೆ ಅಪರಿಚಿತವೆನಿಸುವುದಿಲ್ಲ.

ಶ್ಲೀಮನ್ 1890ರ ಡಿಸೆಂಬರಿನಲ್ಲಿ ತೀರಿಕೊಂಡರು. 1893 ಮತ್ತು 1894ರಲ್ಲಿ ಡೋರ್ಪ್‌ಫೆಲ್ಡ್ ಟ್ರಾಯ್‌ನಲ್ಲಿ ಕೆಲಸ ಮುಂದುವರಿಸಿ, ಕೆಳಗಿನಿಂದ ಎಣಿಸಿದರೆ ಆರನೆಯದಾದ ಪಟ್ಟಣದ ಗೋಡೆಗಳನ್ನು ಹೊರತೆಗೆದರು. ನುಣುಪಾಗಿ ಕಡಿದ ಕಲ್ಲಿನ, ಮೇಲೇರಿದಂತೆ ಒಳಕ್ಕೆ ವಾಲುವ ಗೋಡೆಗಳವು. ಶ್ಲೀಮನ್ ಹೋಮರನ ಟ್ರಾಯ್ ಎಂದು ನಂಬಿದ್ದ ಎರಡನೆಯ ಪದರ ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು. ತನಗೆ ಆಶ್ರಯ ಕೊಟ್ಟವರ ನಂಬಿಕೆಯನ್ನು ಬುನಾದಿಯ ಸಾಕ್ಷ್ಯದಿಂದ ತಿದ್ದುವುದು ಸಣ್ಣ ಮಾತಲ್ಲ. ಮುಂದೆ 1930ರ ದಶಕದಲ್ಲಿ ಅಮೆರಿಕದ ಕಾರ್ಲ್ ಬ್ಲೆಗೆನ್ ಅಲ್ಲಿಯೇ ಅಗೆದು, ಯುದ್ಧದಲ್ಲಿ ನಾಶವಾದದ್ದು ಆರನೆಯದಲ್ಲ, ಏಳನೆಯದರ ಮೊದಲ ಹಂತ ಎಂದು ವಾದಿಸಿದರು.

1887ರಿಂದ 1912ರವರೆಗೆ ಡೋರ್ಪ್‌ಫೆಲ್ಡ್ ಅಥೆನ್ಸಿನ ಜರ್ಮನ್ ಪುರಾತತ್ವ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಅಕ್ರೊಪೊಲಿಸ್ ಬೆಟ್ಟದ ಮೇಲೆ ಪಾರ್ಥೆನಾನ್ ಮತ್ತು ಎರೆಕ್‌ಥಿಯಾನ್ ಗುಡಿಗಳ ನಡುವೆ ಹಳೆಯ ಅಥೀನಾ ಗುಡಿಯ ಬುನಾದಿಯನ್ನು ಗುರುತಿಸಿದ್ದು ಅವರೇ. ವಿದ್ವಾಂಸರು ಅದನ್ನು ಇಂದಿಗೂ ಡೋರ್ಪ್‌ಫೆಲ್ಡ್ ಬುನಾದಿ ಎಂದೇ ಕರೆಯುತ್ತಾರೆ. ಕಡೆಯ ವರ್ಷಗಳನ್ನು ಲೆಫ್ಕಾಡಾ ದ್ವೀಪದಲ್ಲಿ ಕಳೆದರು. ಹೋಮರನ ಕಾವ್ಯದ ನಾಯಕ ಒಡಿಸ್ಸಿಯಸ್‌ನ ಊರಾದ ಇಥಾಕಾ ಇದೇ ಎಂಬ ತಮ್ಮ ವಾದವನ್ನು ಬಹುತೇಕ ಯಾರೂ ಒಪ್ಪದಿದ್ದರೂ ಬಿಡಲಿಲ್ಲ. 1940ರಲ್ಲಿ ಅಲ್ಲಿಯೇ ತೀರಿಕೊಂಡರು, ಅಲ್ಲಿಯೇ ಅವರ ಸಮಾಧಿಯಿದೆ. ಶ್ಲೀಮನ್ನರನ್ನು ತಿದ್ದಿದವರೇ ಕಾವ್ಯದ ಒಂದು ಊರಿಗಾಗಿ ಇಷ್ಟು ವರ್ಷ ಕಳೆದದ್ದು ನನಗೆ ವ್ಯಥೆಯ ಸಂಗತಿಯಾಗಿಯೇ ತೋರುತ್ತದೆ.

ಉತ್ತರ 2: ಲಿಂಗಸುಗೂರಿನ ಓದುಗ

ಹಿರಿಯರು ಹೇರಾ ಗುಡಿಯ ವಿಷಯ ಬರೆದದ್ದನ್ನು ಓದಿ ಒಂದು ಮಾತು ಸೇರಿಸಬೇಕೆನಿಸಿತು. ನಮ್ಮ ಅಜ್ಜನ ಮಣ್ಣಿನ ಮಾಳಿಗೆ ಮನೆಯ ಪಡಸಾಲೆಯಲ್ಲಿ ಆರು ಕಂಬಗಳಿವೆ. ಆರೂ ಮೊದಲು ಬೇವಿನ ಮರದವು. ಗೆದ್ದಲು ಹಿಡಿದ ಒಂದನ್ನು ಅಜ್ಜನ ಕಾಲದಲ್ಲಿ ತೆಗೆದು ಕರಿಕಲ್ಲಿನ ಎಂಟು ಮೂಲೆಯ ಕಂಬ ಹಾಕಿಸಿದರು. ಇನ್ನೊಂದನ್ನು ಅಪ್ಪನ ಕಾಲದಲ್ಲಿ ತೆಗೆದು ಗಾರೆಯ ದುಂಡು ಕಂಬ ಕಟ್ಟಿಸಿದರು. ಬದಲಿಸುವಾಗ ತೊಲೆಯ ಕೆಳಗೆ ಎರಡು ಊರೆಗಂಬ ಕೊಟ್ಟು, ಮೇಲಿನ ಮಣ್ಣಿನ ಭಾರವನ್ನು ಒಂದು ಹಗಲಿನ ಮಟ್ಟಿಗೆ ಅವುಗಳ ಮೇಲೆ ಹೊರಿಸುತ್ತಿದ್ದರು. ಉಳಿದ ನಾಲ್ಕು ಇನ್ನೂ ಬೇವಿನವೇ. ಹೊರಗಿನವರು ಬಂದರೆ ಇದೇನು ಒಂದಕ್ಕೊಂದು ಹೊಂದದ ಮನೆ ಎನ್ನುತ್ತಾರೆ. ನಮಗೆ ಯಾವ ಕಂಬ ಯಾರ ಕಾಲದ್ದೆಂದು ಕಣ್ಣುಮುಚ್ಚಿ ಮುಟ್ಟಿದರೂ ತಿಳಿಯುತ್ತದೆ. ಡೋರ್ಪ್‌ಫೆಲ್ಡ್ ಅವರ ವಿವರಣೆ ನನಗೆ ಒಡನೆಯೇ ಮನಸ್ಸಿಗೆ ನಾಟಿದ್ದು ಇದರಿಂದ.

ಉತ್ತರ 3: ಕಂಪ್ಲಿಯ ಎಂಜಿನಿಯರ್

ಗ್ರಂಥಪಾಲಕರ ಬರಹಕ್ಕೆ ವಂದನೆಗಳು. ಲೆಫ್ಕಾಡಾದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಥಾಕಾ ಸಿಗಲಿಲ್ಲ ನಿಜ. ಆದರೆ ಅದನ್ನು ಹುಡುಕುತ್ತ ನಿದ್ರಿ ಎಂಬ ಊರಿನ ಬಯಲಿನಲ್ಲಿ ಡೋರ್ಪ್‌ಫೆಲ್ಡ್ ಅಗೆದ ಕಂಚಿನ ಯುಗದ ಆರಂಭಕಾಲದ ದುಂಡು ಸಮಾಧಿಗಳು ಇಂದಿಗೂ ಅಧ್ಯಯನಕ್ಕೆ ಒದಗುತ್ತಿವೆ. ಊಹೆ ತಪ್ಪಾದರೂ ಅಳತೆ ಸರಿಯಿದ್ದರೆ ಮುಂದಿನವರಿಗೆ ಅದು ಉಳಿಯುತ್ತದೆ.

ನಾನು ಬರೆಯಬೇಕೆಂದಿರುವುದು ಇನ್ನೊಬ್ಬರ ಬಗ್ಗೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಹಳ್ಳಿಯ ಗುಡಿಯಲ್ಲಿ ಮುರಿದ ಕಂಬವನ್ನು ಜೋಡಿಸುವ ಕೆಲಸಕ್ಕೆ ನಾನೇ ನಿಂತಿದ್ದೆ. ಎರಡೂ ತುಂಡುಗಳಿಗೆ ತೂತು ಕೊರೆಸಿ, ಕಬ್ಬಿಣದ ಸರಳು ಇಟ್ಟು, ಸಿಮೆಂಟು ತುಂಬಿಸಿದೆ. ಹನ್ನೆರಡು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ, ಸರಳಿದ್ದ ನೇರಕ್ಕೆ ಕಲ್ಲು ಮೇಲಿನಿಂದ ಕೆಳಗೆ ಸೀಳಿತ್ತು, ಸೀಳಿನಿಂದ ಕೆಂಪು ನೀರು ಇಳಿದ ಕಲೆಯಿತ್ತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡವನ್ನು ಕಲ್ಲು ತಡೆಯಲಾರದು. ನಾಲ್ಕು ನೂರು ವರ್ಷ ಇದ್ದ ಕಂಬಕ್ಕೆ ಮುರಿತಕ್ಕಿಂತ ನನ್ನ ದುರಸ್ತಿಯೇ ಹೆಚ್ಚು ಕೇಡು ಮಾಡಿತು.

ಇದೇ ಪಾರ್ಥೆನಾನ್‌ನಲ್ಲಿಯೂ ನಡೆದಿತ್ತೆಂದು ತಿಳಿದದ್ದು ಆಮೇಲೆ. ಕ್ರಿ.ಪೂ. 447ರಿಂದ 438ರವರೆಗೆ ಕಟ್ಟಿದ ಆ ಗುಡಿಯಲ್ಲಿಯೂ ಕಲ್ಲಿಗೆ ಕಲ್ಲು ಬಿಗಿಯಲು ಕಬ್ಬಿಣದ ಪಟ್ಟಿಗಳಿದ್ದವು. ಆದರೆ ಹಳೆಯ ಗ್ರೀಕರು ಅವುಗಳ ಸುತ್ತ ಕರಗಿಸಿದ ಸೀಸ ಹೊಯ್ದು ಗಾಳಿ, ನೀರು ಸೋಕದಂತೆ ಮಾಡಿದ್ದರು. 1687ರಲ್ಲಿ ವೆನಿಸಿನವರ ಗುಂಡು ಬಿದ್ದು, ಒಳಗೆ ತುರ್ಕರು ಇಟ್ಟಿದ್ದ ಮದ್ದು ಸಿಡಿದು ಗುಡಿಯ ನಡುಭಾಗ ಹಾರಿಹೋಯಿತು. 1898ರಿಂದ 1933ರವರೆಗೆ ನಿಕೊಲಾಸ್ ಬಲಾನೋಸ್ ಎಂಬ ಎಂಜಿನಿಯರ್ ಅಕ್ರೊಪೊಲಿಸ್‌ನ ಕಟ್ಟಡಗಳಲ್ಲಿ ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಅವರು ಬಳಸಿದ ಕಬ್ಬಿಣಕ್ಕೆ ಸೀಸದ ಹೊದಿಕೆ ಇರಲಿಲ್ಲ. ಕೆಲವು ದಶಕಗಳಲ್ಲಿಯೇ ಅದು ತುಕ್ಕು ಹಿಡಿದು ಅಮೃತಶಿಲೆಯನ್ನು ಸೀಳತೊಡಗಿತು. ಕಲ್ಲುಗಳನ್ನು ಇಟ್ಟದ್ದೂ ಎಷ್ಟೋ ಕಡೆ ಅವುಗಳ ಮೂಲ ಜಾಗದಲ್ಲಲ್ಲ.

ಇದನ್ನು ಸರಿಪಡಿಸಲು 1975ರಲ್ಲಿ ಗ್ರೀಕ್ ಸರ್ಕಾರ ವಿಶೇಷ ಸಮಿತಿಯೊಂದನ್ನು ನೇಮಿಸಿತು. ಆ ಕೆಲಸದಲ್ಲಿ ತರುಣರಾಗಿ ಸೇರಿ, ಮುಂದೆ ಪಾರ್ಥೆನಾನ್‌ನ ಜೀರ್ಣೋದ್ಧಾರವನ್ನು ಮುನ್ನಡೆಸಿದವರು 1948ರಲ್ಲಿ ಅಥೆನ್ಸಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಮನೋಲಿಸ್ ಕೊರ್ರೆಸ್. ಅವರು ಅಥೆನ್ಸಿನ ರಾಷ್ಟ್ರೀಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿದವರು, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದವರು.

ತಮ್ಮ ಮಗಳ 41 ಮತ್ತು 33ರ ಲೆಕ್ಕಕ್ಕೆ ಇಲ್ಲಿ ನೇರ ಸಂಬಂಧವಿದೆ. ಪಾರ್ಥೆನಾನ್‌ನ ಜಗಲಿ ಮಟ್ಟಸವಾಗಿಲ್ಲ. ಉದ್ದನೆಯ ಬದಿಯಲ್ಲಿ ನಡುಭಾಗ ಸುಮಾರು 11 ಸೆಂಟಿಮೀಟರ್ ಉಬ್ಬಿದೆ. ಜಗಲಿ ಬಾಗಿದ ಮೇಲೆ ಅದರ ಮೇಲಿನ ಕಂಬ, ಗೋಡೆ, ತೊಲೆಗಳೆಲ್ಲ ಆ ಬಾಗಿಗೆ ಹೊಂದಬೇಕು. ಹೀಗಾಗಿ ನೋಡಲು ಒಂದೇ ರೀತಿಯಿರುವ ನೂರಾರು ಕಲ್ಲುಗಳಲ್ಲಿ ಯಾವ ಎರಡೂ ಒಂದೇ ಅಲ್ಲ. ಪ್ರತಿಯೊಂದರ ಮೂಲೆಯಲ್ಲಿ ಕೂದಲೆಳೆಯಷ್ಟು ಓರೆ ಬೇರೆ ಬೇರೆಯಾಗಿದೆ. ಆ ಓರೆಯನ್ನು, ಪಟ್ಟಿ ಕೂರಿಸಿದ ಕುಳಿಯನ್ನು, ಪಕ್ಕದ ಕಲ್ಲು ಒತ್ತಿದ ಗುರುತನ್ನು ಅಳೆದರೆ, ನೆಲದ ಮೇಲೆ ಬಿದ್ದ ಕಲ್ಲು ಗೋಡೆಯ ಯಾವ ವರಸೆಯಲ್ಲಿ ಎಷ್ಟನೆಯದಾಗಿತ್ತೆಂದು ಹೇಳಬಹುದು. ಕೊರ್ರೆಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಚದುರಿದ ಕಲ್ಲುಗಳನ್ನು ಹೀಗೆ ಹೊಂದಿಸುವಾಗಲೇ, ಪೂರ್ವದ ಗೋಡೆಯಲ್ಲಿ ಬಾಗಿಲಿನ ಎರಡೂ ಪಕ್ಕ ಕಿಟಕಿಗಳಿದ್ದವೆಂಬುದು ಅವರಿಗೆ ಗೊತ್ತಾಯಿತು.

ಕಂಬಗಳ ಜೋಡಣೆಯೂ ಗಮನಿಸತಕ್ಕದ್ದು. ಸುಮಾರು ಹತ್ತೂವರೆ ಮೀಟರ್ ಎತ್ತರದ ಆ ಕಂಬಗಳು ಏಕಶಿಲೆಯವಲ್ಲ, ಬೀಸುಕಲ್ಲಿನಂತೆ ಒಂದರ ಮೇಲೊಂದು ಕೂತ ದುಂಡು ತುಂಡುಗಳು. ಪ್ರತಿ ತುಂಡಿನ ನಡುವೆ ಚೌಕ ಕುಳಿ ತೋಡಿ, ಅದರಲ್ಲಿ ಮರದ ತುಂಡು ಕೂರಿಸಿ, ಎರಡರ ನಡುವೆ ಮರದ ಗೂಟವಿಟ್ಟು ಕೇಂದ್ರ ತಪ್ಪದಂತೆ ನೋಡಿಕೊಂಡಿದ್ದರು. ಕಲ್ಲುಗಳ ಸಂದು ಎಷ್ಟು ಬಿಗಿಯೆಂದರೆ, ಎರಡು ಸಾವಿರದ ನಾಲ್ಕು ನೂರು ವರ್ಷಗಳ ಮೇಲೆ ಬಿಚ್ಚಿದಾಗಲೂ ಮರ ಸಿಕ್ಕಿದೆ.

ಈಗಿನ ದುರಸ್ತಿಯಲ್ಲಿ ಕಬ್ಬಿಣದ ಬದಲು ಟೈಟಾನಿಯಂ ಬಳಸಿದ್ದಾರೆ. ಅದಕ್ಕೆ ತುಕ್ಕಿಲ್ಲ, ಬಿಸಿಲಿಗೆ ಹಿಗ್ಗುವ ಪ್ರಮಾಣವೂ ಅಮೃತಶಿಲೆಗೆ ಹತ್ತಿರ. ಒಡೆದ ಕಲ್ಲಿಗೆ ಸೇರಿಸುವ ಹೊಸ ತುಂಡನ್ನು ಅದೇ ಪೆಂಟೆಲಿಕಾನ್ ಬೆಟ್ಟದಿಂದ ತಂದು, ಮುರಿದ ಮೈಗೆ ಹೊಂದುವಂತೆ ಹೊಸದನ್ನೇ ಕೆತ್ತುತ್ತಾರೆ. ಹಳೆಯದನ್ನು ಒಂದು ಎಳೆಯೂ ತರಿಯುವುದಿಲ್ಲ. ಆ ಬೆಟ್ಟದ ಗಣಿಯಲ್ಲಿ ಅರ್ಧ ಕೆತ್ತಿ ಬಿಟ್ಟ ಬೋದಿಗೆಯೊಂದನ್ನು ಹಿಡಿದು, ಕಲ್ಲು ಕೀಳುವುದರಿಂದ ಹಿಡಿದು ಅಕ್ರೊಪೊಲಿಸ್ ತಲುಪುವವರೆಗಿನ ಇಡೀ ಕೆಲಸವನ್ನು ಕೊರ್ರೆಸ್ ತಮ್ಮ ಕೈಯಿಂದಲೇ ಚಿತ್ರಿಸಿದ್ದಾರೆ. ಮಗಳಿಗೆ ಆ ಚಿತ್ರಗಳನ್ನು ತಪ್ಪದೆ ತೋರಿಸಿರಿ.

ಪ್ರಶ್ನೆ ಕೇಳಿದವರು: ಕೊಪ್ಪಳದ ಶಿಕ್ಷಕ

ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ರಾತ್ರಿ ಫೋನಿನಲ್ಲಿ ಮಗಳಿಗೆ ಎಲ್ಲವನ್ನೂ ಓದಿ ಹೇಳಿದೆ. ಹೇರಾ ಗುಡಿಯ ವಿಷಯ ಬಂದಾಗ ಎರಡು ಸಲ ಓದಿಸಿಕೊಂಡಳು. ಅವಳ ಪ್ರಶ್ನೆಗಳು ಎರಡು: ಮೊದಲು ಯಾವ ಓದು ಓದಬೇಕು? ಗ್ರೀಸಿಗೆ ಹೋಗುವ ಮೊದಲು ಇಲ್ಲಿಯೇ ಈ ಕೆಲಸ ಕಲಿಯಲು ಸಾಧ್ಯವೇ?

ಉತ್ತರ 4: ಗಂಗಾವತಿಯ ವಾಸ್ತುಶಿಲ್ಪಿ

ತಂಗಿಯ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದೇ ಮುಖ್ಯ. ಖಂಡಿತ ಸಾಧ್ಯ, ಅದೂ ಮನೆಯ ಬಾಗಿಲಿನಲ್ಲಿಯೇ. ಆಸ್ಟ್ರೇಲಿಯಾದಲ್ಲಿ ವಾಸ್ತುಶಿಲ್ಪ ಓದಿದ ಜಾರ್ಜ್ ಮಿಚೆಲ್ ಅವರು, ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಅವರೊಡನೆ 1980ರ ದಶಕದಿಂದ ಎರಡು ದಶಕಗಳ ಕಾಲ ಹಂಪಿಯ ಅವಶೇಷಗಳನ್ನು ಅಳೆದು ನಕ್ಷೆ ಮಾಡಿದರು. ಆ ಶಿಬಿರಗಳಲ್ಲಿ ಟೇಪು ಹಿಡಿದವರಲ್ಲಿ ಆರ್ಕಿಟೆಕ್ಚರ್ ವಿದ್ಯಾರ್ಥಿಗಳೇ ಬಹಳ. ಹೆಸರಿಲ್ಲದ ಸಣ್ಣ ಮಂಟಪವನ್ನೂ, ಬರಿಯ ಜಗತಿ ಉಳಿದ ಮನೆಯನ್ನೂ ಬಿಡದೆ ದಾಖಲಿಸಿದ್ದು ಆ ಕೆಲಸದ ಹೆಚ್ಚುಗಾರಿಕೆ.

ಇಟಗಿಯ ಮಹಾದೇವ ದೇವಾಲಯ ತಮಗೆ ಹತ್ತಿರವೇ. 1112ರ ಆ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿರುವುದನ್ನು ತಾವು ಮಕ್ಕಳಿಗೆ ಕಲಿಸಿಯೇ ಇರುತ್ತೀರಿ. ಅಲ್ಲಿಯ ಕಂಬಗಳನ್ನು ತಿರುಗಣಿಗೆ ಹಾಕಿ ಕಡೆದಿದ್ದಾರೆ. ತಂಗಿ ಅವುಗಳ ಏಣುಗಳನ್ನು ಒಂದು ತಗಡಿನ ಅಚ್ಚಿನಿಂದ ನಕಲು ಮಾಡುವುದನ್ನು ಕಲಿಯಲಿ. ರಕ್ಷಿತ ಸ್ಮಾರಕವಾದ್ದರಿಂದ ಮೊದಲು ಅನುಮತಿ ಪಡೆಯಬೇಕು. ಗ್ರೀಕ್ ಬೋದಿಗೆಯ ಕಾಲವನ್ನು ಅದರ ಉಬ್ಬಿನ ಬಾಗಿನಿಂದ ಗುರುತಿಸುವವರು ಮಾಡುವ ಕೆಲಸ ಇದಕ್ಕಿಂತ ಬೇರೆಯಲ್ಲ.

ಓದಿನ ವಿಷಯ. ಐದು ವರ್ಷದ ಪದವಿಯನ್ನು ಪೂರ್ತಿ ಮುಗಿಸಲಿ, ನಡುವೆ ಬಿಡುವುದು ಬೇಡ. ಆಮೇಲೆ ದೆಹಲಿಯ ಸ್ಕೂಲ್ ಆಫ್ ಪ್ಲ್ಯಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಅಥವಾ ಅಹಮದಾಬಾದಿನ ವಿಶ್ವವಿದ್ಯಾಲಯವಾದ ಸೆಪ್ಟ್‌ನಲ್ಲಿ ಸಂರಕ್ಷಣೆಯ ಸ್ನಾತಕೋತ್ತರ ಓದು ಇದೆ. ಅಥೆನ್ಸಿನಲ್ಲಿ ಜರ್ಮನ್ನರ ಸಂಸ್ಥೆ 1874ರಿಂದ, ಅಮೆರಿಕನ್ನರ ಅಧ್ಯಯನ ಶಾಲೆ 1881ರಿಂದ ನಡೆದುಬಂದಿವೆ; ಅಮೆರಿಕನ್ ಶಾಲೆ 1931ರಿಂದ ಹಳೆಯ ಅಥೆನ್ಸಿನ ಅಗೋರಾ ಪೇಟೆಯನ್ನು ಅಗೆಯುತ್ತಿದೆ. ಜಾನ್ ಟ್ರಾವ್ಲೋಸ್ ಎಂಬ ವಾಸ್ತುಶಿಲ್ಪಿ ದಶಕಗಳ ಕಾಲ ಆ ಒಂದೇ ಉತ್ಖನನದ ನಕ್ಷೆಗಳಿಗೆ ದುಡಿದರು. ಇಂಥ ಕಡೆ ಕಾಲಿಡಲು ಇಂಗ್ಲಿಷ್ ಒಂದೇ ಸಾಲದು. ಹಳೆಯ ಉತ್ಖನನದ ವರದಿಗಳಲ್ಲಿ ಬಹುಪಾಲು ಜರ್ಮನ್ ಮತ್ತು ಫ್ರೆಂಚಿನಲ್ಲಿವೆ. ಕಲ್ಲುಕೆಲಸದವರೊಡನೆ ಮಾತನಾಡಲು ಇಂದಿನ ಗ್ರೀಕ್ ಬೇಕು. ಜರ್ಮನ್ ಅನ್ನು ಈ ವರ್ಷವೇ ಆರಂಭಿಸಲಿ.

ಹಣದ ಮಾತನ್ನೂ ಮುಚ್ಚಿಡುವುದಿಲ್ಲ. ಉತ್ಖನನದ ಕೆಲಸ ವರ್ಷದಲ್ಲಿ ಕೆಲವು ವಾರಗಳದ್ದು, ಉಳಿದ ಕಾಲಕ್ಕೆ ಬೋಧನೆ ಅಥವಾ ಸಂರಕ್ಷಣೆಯ ಉದ್ಯೋಗ ಬೇಕು. ನಾನೂ ಮನೆಗಳ ನಕ್ಷೆ ಮಾಡಿ ಸಂಸಾರ ನಡೆಸುತ್ತೇನೆ, ಬೇಸಿಗೆಯ ಎರಡು ತಿಂಗಳನ್ನು ಆನೆಗೊಂದಿಯ ಹಳೆಯ ಕಟ್ಟಡಗಳಿಗೆ ಇಟ್ಟುಕೊಂಡಿದ್ದೇನೆ. ಕಷ್ಟವಿದೆ, ಆದರೆ ಆ ಎರಡು ತಿಂಗಳನ್ನು ನಾನು ಯಾವುದಕ್ಕೂ ಬಿಟ್ಟುಕೊಟ್ಟಿಲ್ಲ.

ಕಡೆಯದಾಗಿ ಆ ಮಂಟಪದ ಬಗ್ಗೆ. 33 ಸೆಂಟಿಮೀಟರ್ ಬುಡದ ಕಂಬ ಬೇರೆ ಕಡೆಯದಾದರೆ, 41ರ ಕಂಬ ಎಲ್ಲಿ ಹೋಯಿತು? ಅಂಥ ಕಲ್ಲು ಬಹುದೂರ ಹೋಗಿರುವುದಿಲ್ಲ. ಊರಿನ ಅಗಸೆ, ಕೆರೆಯ ತೂಬು, ಹೊಲದ ಬದುವಿನ ಗಡಿಕಲ್ಲು, ಯಾರಾದರೊಬ್ಬರ ಮನೆಯ ಹೊಸ್ತಿಲು, ಇವನ್ನೆಲ್ಲ ನೋಡಿರಿ. ಸಿಕ್ಕರೆ ಅಲುಗಿಸಬೇಡಿರಿ, ಅಳೆದು ಬರೆದುಕೊಳ್ಳಿರಿ.

ಪ್ರಶ್ನೆ ಕೇಳಿದವರು: ಕೊಪ್ಪಳದ ಶಿಕ್ಷಕ

ಬಳಗಕ್ಕೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಭಾನುವಾರ ಮಗಳು ಬಂದಿದ್ದಳು. ಅಗಸೆಯಲ್ಲಿ ಏನೂ ಸಿಗಲಿಲ್ಲ. ಕೆರೆಯ ಸೋಪಾನದ ಮೂರನೆಯ ಮೆಟ್ಟಿಲಾಗಿ ಅಡ್ಡ ಮಲಗಿಸಿದ ಒಂದು ಉದ್ದ ಕಲ್ಲಿದೆ. ಹೆಂಗಸರು ಅದರ ಮೇಲೆಯೇ ಬಟ್ಟೆ ಒಗೆಯುತ್ತಾರೆ. ಅದರ ಒಂದು ತುದಿ 41 ಸೆಂಟಿಮೀಟರ್ ಚೌಕವಿದೆ. ಇನ್ನೊಂದು ತುದಿ ನೀರಿನೊಳಗಿದೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಅದನ್ನೂ ಅಳೆಯುವುದೆಂದು ತನ್ನ ಪುಸ್ತಕದಲ್ಲಿ ಬರೆದುಕೊಂಡು ಬಳ್ಳಾರಿಯ ಬಸ್ಸು ಹತ್ತಿದಳು.